ಕೈಗೆ ಬಂದ ಕಾಯಿದೆ ಪುಸ್ತಕ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಈ ಮುಂಬಯಿಯಲ್ಲಿ ಹಗಲು ಹೋಟೇಲಿನ ಮೇಜು ಒರಸಿ, ರಾತ್ರಿ ಶಾಲೆಯ ಬೆಂಚಿನ ಮೇಲೆ ಕುಳಿತು ಓದಿ ವಕೀಲರಾದವರು ನಮ್ಮವರಲ್ಲಿದ್ದಾರೆ. ಅವರ ಕಾಲದಲ್ಲಿ ಕಾಯಿದೆ ಕಲಿಯಲು ಬುದ್ಧಿಗಿಂತ ಮುಂಚೆ ಹಣ ಬೇಕಾಗಿತ್ತು. 'ಆಲ್ ಇಂಡಿಯಾ ರಿಪೋರ್ಟರ್'ನಂಥ ತೀರ್ಪಿನ ಸಂಪುಟಗಳು ದೊಡ್ಡ ವಕೀಲರ ಕಪಾಟಿನಲ್ಲಿರುತ್ತಿದ್ದವು. ಗ್ರಂಥಾಲಯಕ್ಕೆ ಹೋಗೋಣವೆಂದರೆ, ಅದು ತೆರೆದಿರುವ ಹೊತ್ತಿನಲ್ಲಿ ನಮಗೆ ಬಿಡುವಿಲ್ಲ.

ಇಂದು ಆ ಕಪಾಟಿನ ಬೀಗ ಬಹುಮಟ್ಟಿಗೆ ತೆರೆದಿದೆ. ಸುಶಾಂತ್ ಸಿನ್ಹಾ ಎಂಬ ಕಂಪ್ಯೂಟರ್ ಇಂಜಿನಿಯರರು 2008ರಲ್ಲಿ 'ಇಂಡಿಯನ್ ಕಾನೂನ್' ಎಂಬ ತಾಣವನ್ನು ಆರಂಭಿಸಿದರು. ಸುಪ್ರೀಂ ಕೋರ್ಟು, ಹೈಕೋರ್ಟುಗಳ ತೀರ್ಪುಗಳನ್ನು ಅಲ್ಲಿ ಕಾಸಿಲ್ಲದೆ ಹುಡುಕಿ ಓದಬಹುದು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಾನೇ ತನ್ನ ಸುಮಾರು 34,000 ತೀರ್ಪುಗಳನ್ನು 'ಇ-ಎಸ್‌ಸಿಆರ್' ಎಂಬ ಹೆಸರಿನಲ್ಲಿ ಉಚಿತವಾಗಿ ಒದಗಿಸಿತು. ಕೆಲವು ತೀರ್ಪುಗಳು ಕನ್ನಡದಲ್ಲಿಯೂ ಬಂದಿವೆ. ಕೇಂದ್ರದ ಕಾಯಿದೆಗಳು ಸರಕಾರದ 'ಇಂಡಿಯಾ ಕೋಡ್' ತಾಣದಲ್ಲಿವೆ.

"ನಾವೇನು ವಕೀಲರೇ? ನಮಗೇಕೆ ಇದು?" ಎಂದು ಕೆಲವರು ಕೇಳಬಹುದು. ಊರಿನ ಜಮೀನಿನ ವ್ಯಾಜ್ಯಕ್ಕೆಂದು ರಜೆ ಹಾಕಿ, ಸಂಬಳ ಕಳೆದುಕೊಂಡು, ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಹೋಗಿ, ಕೋರ್ಟಿನ ಜಗಲಿಯಲ್ಲಿ "ವಾಯಿದೆ ಮುಂದೆ ಹೋಗಿದೆ" ಎಂಬ ಉತ್ತರ ಕೇಳಿ ಮರಳಿದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ? 2007ರಲ್ಲಿ ಆರಂಭವಾದ ಇ-ಕೋರ್ಟ್ಸ್ ಯೋಜನೆಯಲ್ಲಿ ದಾಖಲಾದ ಪ್ರತಿಯೊಂದು ದಾವೆಗೂ 'ಸಿಎನ್‌ಆರ್' ಎಂಬ ಗುರುತು ಇದೆ. ಅಕ್ಷರ, ಅಂಕೆ ಸೇರಿ ಒಟ್ಟು 16. ಅದನ್ನು ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿದರೆ, ಊರಿನ ಕೋರ್ಟಿನಲ್ಲಿ ಹಿಂದಿನ ವಾಯಿದೆಯಲ್ಲಿ ಏನಾಯಿತು, ಮುಂದಿನ ತಾರೀಖು ಯಾವುದು ಎಂಬುದನ್ನು ಇಲ್ಲಿಯೇ ಕುಳಿತು ನೋಡಬಹುದು. ಆದುದರಿಂದ ವಕೀಲರಲ್ಲಿ ಆ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳಿರಿ. ಕೇಳುವುದು ನಮ್ಮ ಹಕ್ಕು; ಅದರಲ್ಲಿ ಅವಿಶ್ವಾಸವೇನೂ ಇಲ್ಲ.

ಆದರೆ ಫೋನು ಹೇಳಿದ್ದೆಲ್ಲ ವೇದವಾಕ್ಯವಲ್ಲ. ನ್ಯೂಯಾರ್ಕಿನಲ್ಲಿ ಇಬ್ಬರು ವಕೀಲರು ಚಾಟ್‌ಜಿಪಿಟಿ ಯಂತ್ರ ಕೊಟ್ಟ ತೀರ್ಪುಗಳನ್ನು ಪರೀಕ್ಷಿಸದೆ ಕೋರ್ಟಿಗೆ ಒಪ್ಪಿಸಿದರು. ಅಂಥ ತೀರ್ಪುಗಳೇ ಇರಲಿಲ್ಲ! 2023ರಲ್ಲಿ 5,000 ಡಾಲರ್ ದಂಡ ಬಿತ್ತು. ಹಳೆಯ ಬರಹಗಳನ್ನು ನಂಬಿಯೂ ಮೋಸ ಹೋಗಬಹುದು. 1860ರ ದಂಡಸಂಹಿತೆಯ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕಲಮುಗಳ ಸಂಖ್ಯೆಗಳೂ ಬದಲಾಗಿವೆ. ಆದುದರಿಂದ ಮೊದಲು ತಾರೀಖು ನೋಡಬೇಕು, ಮೂಲವನ್ನು ಓದಬೇಕು, ಬಳಿಕ ತಿಳಿದವರನ್ನು ಕೇಳಬೇಕು.

ವಕೀಲರಿಗೆ ಕೊಡಲು ಹಣವಿಲ್ಲದವರು ಎದೆಗುಂದಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಕೈಗಾರಿಕಾ ಕಾರ್ಮಿಕರಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಉಚಿತ ನೆರವುಂಟು. 15100 ಸಂಖ್ಯೆಗೆ ಫೋನು ಮಾಡಿ ವಿಚಾರಿಸಬಹುದು.

ಕೊನೆಯದಾಗಿ ಒಂದು ಸೂಚನೆ. ಕಾಯಿದೆ ಓದುತ್ತಿರುವ ನಮ್ಮ ಮಕ್ಕಳು ವಾರಕ್ಕೊಂದು ಸಂಜೆ ಸಂಘದ ಕೋಣೆಯಲ್ಲಿ ಕುಳಿತುಕೊಳ್ಳಲಿ. ನಾವು ನಮ್ಮ ಕಾಗದಪತ್ರಗಳೊಡನೆ ಬರೋಣ. ಅವರು ಹುಡುಕಿ, ಓದಿ, ಕನ್ನಡದಲ್ಲಿ ತಿಳಿಸಲಿ. ಅವರಿಗೆ ಅದು ಪಾಠವಾದೀತು, ನಮಗೆ ಧೈರ್ಯವಾದೀತು. ತೀರ್ಪು ಎಲ್ಲರ ಕೈಗೆ ಬಂದಿದೆ, ಬಂಧುಗಳೇ. ಓದುವವರು ಮಾತ್ರ ನಾವಾಗಬೇಕು.