ನೆರೆಮನೆಯ ತೊಟ್ಟಿಲು
(ಸ್ನಾನಿಕ ಸಂತ ಯೊವಾನ್ನರ ಜನನ ಮಹೋತ್ಸವ, ಜೂನ್ 24)



ಇಂದಿನ ಶುಭಸಂದೇಶದಲ್ಲಿ ನಾವು ಸುಲಭವಾಗಿ ದಾಟಿಹೋಗುವ ಒಂದು ಮಾತಿದೆ. ಎಲಿಜಬೇತಳು ಮುಪ್ಪಿನಲ್ಲಿ ಗಂಡುಮಗುವನ್ನು ಹೆತ್ತ ಸುದ್ದಿ ಕೇಳಿ ನೆರೆಹೊರೆಯವರೂ ಬಂಧುಗಳೂ ಆಕೆಯ ಜೊತೆ ಸಂತೋಷಪಟ್ಟರೆಂದು ಸಂತ ಲೂಕರು ಬರೆಯುತ್ತಾರೆ. ಆ ಬೀದಿಯಲ್ಲಿ ಮಕ್ಕಳಿಲ್ಲದ ಬೇರೆ ತಾಯಂದಿರೂ ಇದ್ದಿರಬಹುದು. ಅವರೂ ತೊಟ್ಟಿಲ ಬಳಿ ಬಂದಿದ್ದರೆ, ಅದೇನು ಸಣ್ಣ ಕೃಪೆಯಲ್ಲ.

ನಮ್ಮ ಮನೆಗಳಲ್ಲಿ ಏನಾಗುತ್ತದೆ? ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಮಗಳು ಶೇಕಡ 82 ಅಂಕ ಬಂತೆಂದು ಕುಣಿಯುತ್ತಾ ಬಂದರೆ, "ಪಕ್ಕದ ಮನೆಯವನಿಗೆ ಎಷ್ಟು ಬಂತು?" ಎನ್ನುತ್ತೇವೆ. ಆಕೆಯ ಮುಖ ಅಲ್ಲೇ ಬಾಡುತ್ತದೆ. ಅಣ್ಣ ಬಳ್ಳಾರಿಯಲ್ಲಿ ಮಹಡಿ ಕಟ್ಟಿಸಿದರೆ ಕುರುಗೋಡಿನ ತಮ್ಮನಿಗೆ ನಿದ್ದೆ ಹತ್ತುವುದಿಲ್ಲ. ಗುರುಗಳಾದ ನಾವೂ ಇದಕ್ಕೆ ಹೊರತಲ್ಲ. ಪಕ್ಕದ ಧರ್ಮಕೇಂದ್ರದ ಹಬ್ಬಕ್ಕೆ ಎಷ್ಟು ಜನ ಸೇರಿದ್ದರೆಂದು ವಿಚಾರಿಸುತ್ತೇವೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದದ್ದು ಸಿರುಗುಪ್ಪದ ಭತ್ತದ ರೈತರಿಗೆ ನೆನಪಿದೆ. ತಾತ್ಕಾಲಿಕ ಗೇಟ್ ಕೂರಿಸುವವರೆಗೆ, ಆ ಒಂದು ವಾರ, ತುಂಬಿದ್ದ ನೀರು ಕಣ್ಣೆದುರೇ ನದಿಗೆ ಹೋಗುತ್ತಿತ್ತು. ಆಗ ಕಾಲುವೆಯ ಮೇಲ್ಭಾಗದವನು, ಕೊನೆಭಾಗದವನು ಎಂಬ ಭೇದ ಎಲ್ಲಿತ್ತು? ಎಲ್ಲರದೂ ಒಂದೇ ಪ್ರಾರ್ಥನೆ. ಭಯ ಕಳೆದ ಮೇಲೆ ಮತ್ತೆ ಅವನ ಗದ್ದೆ, ನನ್ನ ಗದ್ದೆ! ಇಲ್ಲಿ ಒಂದನ್ನು ಸ್ಪಷ್ಟಪಡಿಸಬೇಕು. ಮೇಲಿನವನು ಅಕ್ರಮವಾಗಿ ಪಂಪ್ ಇಟ್ಟು ನೀರೆಳೆದರೆ ಅದನ್ನು ಕೇಳುವುದು ಹೊಟ್ಟೆಕಿಚ್ಚಲ್ಲ, ನ್ಯಾಯ. ನಮ್ಮ ಗದ್ದೆಗೂ ನೀರು ಬಂದ ಮೇಲೆ ಅವನ ಪೈರು ಹಸಿರಾಗಿದೆಯೆಂದು ಉರಿಯುವುದು ಮತ್ಸರ.

ಯೊವಾನ್ನರ ಶಿಷ್ಯರಿಗೂ ಈ ಉರಿ ತಗಲಿತ್ತು. ನಮ್ಮನ್ನು ಬಿಟ್ಟು ಜನರೆಲ್ಲ ಯೇಸುವಿನ ಬಳಿಗೆ ಹೋಗುತ್ತಿದ್ದಾರೆಂದು ಅವರು ಗುರುವಿಗೆ ದೂರಿದರು. ಯೊವಾನ್ನರು ನೊಂದುಕೊಳ್ಳಲಿಲ್ಲ. ಮನುಷ್ಯನಿಗೆ ಸಿಗುವುದೆಲ್ಲ ಪರಲೋಕದ ಕೊಡುಗೆ ಎಂದರು. ತಮ್ಮನ್ನು ಮದುಮಗನ ಗೆಳೆಯನಿಗೆ ಹೋಲಿಸಿಕೊಂಡರು. ಮದುವೆ ಮನೆಯಲ್ಲಿ ಗೆಳೆಯನು ಬಾಸಿಂಗ ನನಗೇಕಿಲ್ಲವೆಂದು ಅಳುತ್ತಾನೆಯೇ? ಮದುಮಗನ ದನಿ ಕೇಳಿದ್ದೇ ಅವನಿಗೆ ಹಬ್ಬ.

ಕಿರಿಯ ಪುಷ್ಪ ಸಂತ ತೆರೇಸಾ ಚಿಕ್ಕವರಿದ್ದಾಗ, ಸ್ವರ್ಗದಲ್ಲಿ ದೇವರು ಎಲ್ಲರಿಗೂ ಒಂದೇ ಸಮನಾದ ಮಹಿಮೆಯನ್ನು ಏಕೆ ಕೊಡುವುದಿಲ್ಲವೆಂದು ಚಿಂತಿಸಿದ್ದರು. ಅಕ್ಕ ಪೌಲಿನ್ ಅಪ್ಪನ ದೊಡ್ಡ ಲೋಟವನ್ನೂ ಹೊಲಿಯುವಾಗ ಬೆರಳಿಗೆ ತೊಡುವ ಪುಟ್ಟ ಟೊಪ್ಪಿಗೆಯನ್ನೂ ತರಿಸಿ ಎರಡಕ್ಕೂ ಅಂಚಿನ ತನಕ ನೀರು ತುಂಬಿಸಿ, ಯಾವುದು ಹೆಚ್ಚು ತುಂಬಿದೆ ಎಂದು ಕೇಳಿದರು. ಉತ್ತರ ಹೇಳಲು ತೆರೇಸಾರಿಗೆ ದೊಡ್ಡ ದೈವಶಾಸ್ತ್ರ ಬೇಕಾಗಲಿಲ್ಲ.

ಈಗ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ, ನಿಮ್ಮ ನಿದ್ದೆ ಕೆಡಿಸಿದ ಆ ಒಬ್ಬರ ಹೆಸರನ್ನು ಮನಸ್ಸಿನಲ್ಲೇ ಹೇಳಿ, ಅವರಿಗೆ ಸಿಕ್ಕ ವರಕ್ಕಾಗಿ ದೇವರಿಗೆ ವಂದನೆ ಸಲ್ಲಿಸಿ. ಬಾಯಿಗೆ ಬಾರದಿದ್ದರೆ, ಬರುತ್ತಿಲ್ಲವೆಂದೇ ಪ್ರಭುವಿಗೆ ಹೇಳಿ. ಪೂಜೆ ಮುಗಿದ ಮೇಲೆ, ಅವರ ಮನೆ ದಾರಿಯಲ್ಲಿದ್ದರೆ, ಐದು ನಿಮಿಷ ಕೂತು ಬನ್ನಿ.