ಹಳೇ ಗಾಡಿ ಯಾಕೆ ಹಟ ಮಾಡುತ್ತದೆ?

(ಬಿಳಿಗೆರೆಯಲ್ಲಿ ಸ್ವಸಹಾಯ ಸಂಘಗಳ ಸದಸ್ಯರಿಗೆ ಮಾಡಿದ ಭಾಷಣದ ಸಾರ)



ನಂಜನಗೂಡು, ಟಿ. ನರಸೀಪುರದ ಕಡೆ ಬಾಳೆ, ತರಕಾರಿ ಬೆಳೆಯುವವರಿಗೆ ಸಾಮಾನು ಗಾಡಿ ಶೋಕಿಯಲ್ಲ, ಅದು ಅನ್ನ. ಬೆಳಗಿನ ಜಾವ ಲೋಡು ಹೊರಟರೆ ಮೈಸೂರಿನ ಬಂಡಿಪಾಳ್ಯದ ಮಾರುಕಟ್ಟೆಗೆ ಹೊತ್ತಿಗೆ ಸರಿಯಾಗಿ ಮುಟ್ಟುತ್ತದೆ. ಹೊಸ ಗಾಡಿಗೆ ಕೈಯಲ್ಲಿ ದುಡ್ಡು ಸಾಲದು. ಅದಕ್ಕೇ ಸಾಲ ಮಾಡಿ ಹಳೇ 407 ಅಥವಾ ಹಳೇ ಏಸ್ ತರುತ್ತೇವೆ. 407 ಬಂದಿದ್ದು 1986ರಲ್ಲಿ, ಏಸ್ ಬಂದಿದ್ದು 2005ರಲ್ಲಿ. ಹಲವು ಕೈ ದಾಟಿದ ಗಾಡಿಗಳು ಇವತ್ತೂ ಓಡುತ್ತಿವೆ.

ಇಂಥ ಗಾಡಿಗಳ ದೊಡ್ಡ ಕಾಟ ಏನು ಗೊತ್ತೇ? ಇವತ್ತು ಸ್ಟಾರ್ಟ್ ಆಗುತ್ತೆ, ನಾಳೆ ಆಗೋದಿಲ್ಲ. ಗ್ಯಾರೇಜಿಗೆ ತಂದರೆ ಅಲ್ಲಿ ಸಲೀಸಾಗಿ ಸ್ಟಾರ್ಟ್ ಆಗುತ್ತೆ! ಆಗ ಅಂದಾಜಿನ ರಿಪೇರಿ ಶುರು. ಮೊದಲು ಬ್ಯಾಟರಿ ಬದಲು, ಆಮೇಲೆ ಸೆಲ್ಫ್ ಮೋಟಾರು, ಆಮೇಲೆ ಪಂಪು. ದುಡ್ಡು ಹೋಯಿತು, ರೋಗ ಹಾಗೇ ಉಳಿಯಿತು. ಗಾಡಿ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲವಲ್ಲ.

ಆದ್ದರಿಂದ ನಾನು ಹೇಳುವುದು ಒಂದೇ ಮಾತು. ಸಾಮಾನು ಬದಲಿಸುವ ಮೊದಲು, ಗಾಡಿ ಯಾವಾಗ ಹಟ ಮಾಡುತ್ತದೆ ಎಂದು ನೋಡಿ ಬರೆದಿಡಿ. ಜ್ವರ ಬೆಳಿಗ್ಗೆ ಬರುತ್ತೋ ಸಂಜೆ ಬರುತ್ತೋ ಎಂದು ಡಾಕ್ಟರು ಕೇಳಿದ ಮೇಲೇ ಮದ್ದು ಕೊಡುತ್ತಾರೆ. ಗಾಡಿಗೂ ಹಾಗೇ.

ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಕೊಡುವ ಪ್ಲಗ್ ಇಲ್ಲ. 1890ರ ದಶಕದಲ್ಲಿ ಜರ್ಮನಿಯ ರುಡಾಲ್ಫ್ ಡೀಸೆಲ್ ರೂಪಿಸಿದ ಇಂಜಿನ್ ಇದು. ಒಳಗಿನ ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕಾಯುತ್ತದೆ, ಆ ಕಾವಿಗೆ ಡೀಸೆಲ್ ಹೊತ್ತಿಕೊಳ್ಳುತ್ತದೆ. ಹಾಗಾಗಿ ಮೂರು ಬೇಕು: ಇಂಜಿನ್ ಜೋರಾಗಿ ತಿರುಗಬೇಕು, ಡೀಸೆಲ್ ತಲುಪಬೇಕು, ಕಾವು ಹುಟ್ಟಬೇಕು. ಮೂರರಲ್ಲಿ ಯಾವುದು ಕೈಕೊಟ್ಟಿದೆ ಎಂದು ಕಂಡುಹಿಡಿಯುವುದೇ ಕೆಲಸ.

ಮೊದಲನೇ ಪ್ರಶ್ನೆ: ಕೀ ತಿರುಗಿಸಿದಾಗ ಸೆಲ್ಫ್ ಹೇಗೆ ತಿರುಗುತ್ತದೆ? "ಟಕ್" ಅಂತ ಸದ್ದಾಗಿ ಸುಮ್ಮನಾದರೆ, ಅಥವಾ ನಿಧಾನ ತಿರುಗಿದರೆ, ದೋಷ ಬ್ಯಾಟರಿ, ವೈರು, ಸೆಲ್ಫ್ ಕಡೆ. ತಳ್ಳಿದರೆ ಸ್ಟಾರ್ಟ್ ಆಗುತ್ತದೆ ಅಂದರೆ ಇದು ಇನ್ನಷ್ಟು ಖಚಿತ. ಕೆಲವು ನೂರು ರೂಪಾಯಿಗೆ ಮಲ್ಟಿಮೀಟರ್ ಸಿಗುತ್ತದೆ, ಒಂದು ಗಾಡಿಯಲ್ಲೇ ಇರಲಿ. ರಾತ್ರಿಯೆಲ್ಲಾ ನಿಂತ ಗಾಡಿಯ 12 ವೋಲ್ಟ್ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ ಸುಮಾರು 12.6 ತೋರಿಸುತ್ತದೆ. ಸೆಲ್ಫ್ ತಿರುಗುವಾಗ 9.5ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಮೇಲೆ ಸಂಶಯಪಡಿ. ಇಂಜಿನ್ ಓಡುವಾಗ 14ರ ಆಸುಪಾಸು ಇರಬೇಕು. ಇಲ್ಲದಿದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ, ಹೊಸ ಬ್ಯಾಟರಿ ಹಾಕಿದರೂ ಅದೇ ಕಥೆ.

ಬ್ಯಾಟರಿ ಚೆನ್ನಾಗಿದ್ದೂ ಸೆಲ್ಫ್ ತಿರುಗದಿದ್ದರೆ ಅರ್ತ್ ವೈರು ನೋಡಿ. ಹಳೇ ಗಾಡಿಗಳಲ್ಲಿ ಎಲ್ಲರೂ ಮರೆಯುವುದು ಇದನ್ನೇ. ಮೀಟರಿನ ಒಂದು ತುದಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಇಂಜಿನ್ ಮೈಗೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ತುಕ್ಕು ಉಜ್ಜಿ, ಬೋಲ್ಟ್ ಬಿಗಿ ಮಾಡಿ. ಖರ್ಚು ಒಂದು ಉಪ್ಪುಕಾಗದ, ಅಷ್ಟೇ.

ಎರಡನೇ ಪ್ರಶ್ನೆ: ಸೆಲ್ಫ್ ಜೋರಾಗಿಯೇ ತಿರುಗುತ್ತದೆ, ಆದರೂ ಇಂಜಿನ್ ಹಿಡಿಯುವುದಿಲ್ಲ. ಆಗ ಸೈಲೆನ್ಸರ್ ನೋಡಿ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ತಲುಪಿದೆ, ಕಾವು ಸಾಲದು. ಆಗ ಹೀಟರ್ ಪ್ಲಗ್ ಇರುವ ಗಾಡಿಯಲ್ಲಿ ಅವನ್ನು, ಆಮೇಲೆ ಕಂಪ್ರೆಷನ್ ಪರೀಕ್ಷಿಸಿಸಿ.

ಮೂರನೇ ಪ್ರಶ್ನೆ: ತಣ್ಣಗಿದ್ದಾಗಲೋ, ಬಿಸಿಯಾದಾಗಲೋ? ರಾತ್ರಿ ನಿಂತು ಬೆಳಿಗ್ಗೆ ಮಾತ್ರ ಹಟ ಮಾಡಿ, ಕೈಪಂಪು ಒತ್ತಿದ ಕೂಡಲೇ ಸ್ಟಾರ್ಟ್ ಆದರೆ, ಡೀಸೆಲ್ ಪೈಪಿನಲ್ಲಿ ಎಲ್ಲೋ ಗಾಳಿ ಎಳೆಯುತ್ತಿದೆ. ಬಿರುಕು ಬಿಟ್ಟ ರಬ್ಬರ್ ಪೈಪು, ಸಡಿಲ ಕ್ಲಿಪ್ಪು, ಫಿಲ್ಟರಿನ ವಾಷರ್ ನೋಡಿ. ಫಿಲ್ಟರಿನಲ್ಲಿ ನೀರು ನಿಂತಿದ್ದರೆ ಬಸಿಯಿರಿ. ಬಿಸಿಯಾದಾಗ ಹಟ ಮಾಡಿ, ಅರ್ಧ ಗಂಟೆ ತಣಿದ ಮೇಲೆ ಸರಿಯಾದರೆ ಹಳೇ ಪಂಪಿನ ಗಾಡಿಯಲ್ಲಿ ಸ್ಟಾಪ್ ಸೊಲೆನಾಯ್ಡ್ ನೋಡಿ, ಕಾಮನ್ ರೈಲ್ ಗಾಡಿಯಲ್ಲಿ ಕ್ರ್ಯಾಂಕ್ ಸೆನ್ಸರ್ ನೋಡಿಸಿ. ಕಂಪ್ಯೂಟರ್ ಇರುವ ಇಂಥ ಗಾಡಿಗೆ ಸ್ಕ್ಯಾನರ್ ಇರುವ ಗ್ಯಾರೇಜೇ ಸರಿ. ಕೋಡ್ ಅಳಿಸುವ ಮುಂಚೆ ಬರೆದುಕೊಡಿ ಎಂದು ಕೇಳಿ ಪಡೆಯಿರಿ.

ಕೆಲವು ಎಚ್ಚರಿಕೆ. ಪರೀಕ್ಷೆಗೆ ಮೊದಲು ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಕಲ್ಲು. ಬ್ಯಾಟರಿ ಹತ್ತಿರ ಬೀಡಿ ಸಿಗರೇಟು ಬೇಡ, ಅದರಿಂದ ಬರುವ ಹೈಡ್ರೋಜನ್ ಸಿಡಿಯಬಹುದು. ವೈರು ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಗಾಳಿ ಎಳೆಯುವ ಪೈಪಿಗೆ ಪೆಟ್ರೋಲ್ ಹಾಕಿ ಸ್ಟಾರ್ಟ್ ಮಾಡುವ ಸಾಹಸ ಬೇಡವೇ ಬೇಡ. ಕಾಮನ್ ರೈಲ್ ಪೈಪು ನೀವು ಬಿಚ್ಚಬೇಡಿ. ಅದರ ಒತ್ತಡಕ್ಕೆ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಇನ್ನು ಕೊಳ್ಳುವವರಿಗೆ ಒಂದು ಮಾತು. ಹಳೇ ಗಾಡಿ ನೋಡಲು ಬೆಳಿಗ್ಗೆ ಬೇಗ, ಹೇಳದೆ ಹೋಗಿ. ಮೊದಲು ಇಂಜಿನ್ ಹತ್ತಿರ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಮಾರುವವರು ಆಗಲೇ ಒಮ್ಮೆ ಸ್ಟಾರ್ಟ್ ಮಾಡಿದ್ದಾರೆ ಅಂತ ತಿಳಿಯಿರಿ, ಇನ್ನೊಂದು ದಿನ ಬನ್ನಿ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿ, ಅರ್ಧ ಗಂಟೆ ಓಡಿಸಿ, ಆರಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿಸಿ. ಎರಡೂ ಸಲ ಒಂದೇ ಕೀಗೆ ಹಿಡಿದರೆ ಮುಂದಿನ ಮಾತುಕತೆ ಆಡಿ.

ನಿಮ್ಮ ಸಂಘದಲ್ಲಿ ಉಳಿತಾಯದ ಪುಸ್ತಕ ಇದೆ. ಅದೇ ರೀತಿ ಗಾಡಿಗೂ ಎರಡು ರೂಲಿನ ಒಂದು ನೋಟ್‌ಬುಕ್ ಇಡಿ. ತಾರೀಖು, ಹೊತ್ತು, ತಣ್ಣಗೋ ಬಿಸಿಯೋ, ಮಳೆಯೋ, ಸೆಲ್ಫ್ ತಿರುಗಿತೋ, ಹೊಗೆ ಬಂತೋ, ಏನು ಮಾಡಿದ ಮೇಲೆ ಹಿಡಿಯಿತು, ಇಷ್ಟು ಬರೆಯಿರಿ. ಡ್ರೈವರಿಗೆ ಪುರುಸೊತ್ತಿಲ್ಲದಿದ್ದರೆ ಮನೆಯಲ್ಲಿ ಓದುವ ಮಕ್ಕಳು ಬರೆಯಲಿ. ನಾಲ್ಕೈದು ಸಲದ ಲೆಕ್ಕ ಸಿಕ್ಕರೆ ಮೆಕ್ಯಾನಿಕ್ಕಿಗೆ ದಾರಿ ಕಾಣುತ್ತದೆ. ಅವರೂ ನಮ್ಮಂತೆ ದುಡಿಯುವವರೇ, ಅವರ ಮುಂದೆ "ಸ್ಟಾರ್ಟ್ ಆಗ್ತಿಲ್ಲ ಸಾರ್" ಅಂತ ಮಾತ್ರ ಹೇಳಿ ನಿಲ್ಲಬೇಡಿ, ಪುಸ್ತಕ ತೆರೆದು ತೋರಿಸಿ.