ಯಂತ್ರ ಹಿಂದೆ, ಸಾರಥಿ ಮುಂದೆ

ಚನ್ನಪಟ್ಟಣದ ಮರದ ಗೊಂಬೆ ಕಾರನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಓಟದ ಕಾರಿನ ಸ್ವರೂಪವನ್ನು ವಿವರಿಸುವುದು ಕಷ್ಟವಲ್ಲ. ಒಡಲು ಕಿರಿದು, ನಾಲ್ಕು ಚಕ್ರಗಳೂ ಒಡಲಿನ ಹೊರಗೆ, ಮೇಲೆ ಮುಚ್ಚಿಗೆಯಿಲ್ಲ, ಒಬ್ಬನಿಗೆ ಮಾತ್ರ ಸ್ಥಳ. ಇಂಥ ಕಾರಿನಲ್ಲಿ ಯಂತ್ರ ಎಲ್ಲಿರಬೇಕು? ಬೈರಾಪಟ್ಟಣದ ರೈತನನ್ನು ಕೇಳಿದರೆ, ಗಾಡಿಗೆ ಎತ್ತು ಇರುವಂತೆ ಮುಂದೆಯೇ ಇರಬೇಕು ಎಂದಾನು. ದೊಡ್ಡ ಕಾರ್ಖಾನೆಗಳ ಎಂಜಿನಿಯರುಗಳಲ್ಲಿ ಹೆಚ್ಚಿನವರೂ ಬಹುಕಾಲ ಹಾಗೆಯೇ ಎಣಿಸಿದ್ದರು. ಆ ಎಣಿಕೆಯನ್ನು ತಲೆಕೆಳಗು ಮಾಡಿದ್ದು ಕೂಪರ್ ಎಂಬ ಪುಟ್ಟ ಕಾರು.

1946ನೆಯ ಇಸವಿ. ಯುದ್ಧ ಮುಗಿದಿತ್ತು, ಇಂಗ್ಲೆಂಡಿನಲ್ಲಿ ಎಲ್ಲಕ್ಕೂ ಅಭಾವ. ಲಂಡನ್ನಿನ ಹತ್ತಿರದ ಸರ್ಬಿಟನ್ನಿನಲ್ಲಿ ಚಾರ್ಲ್ಸ್ ಕೂಪರ್, ಜಾನ್ ಕೂಪರ್ ಎಂಬ ತಂದೆಮಕ್ಕಳಿಗೆ ಒಂದು ಮೋಟಾರು ಗ್ಯಾರೇಜು. ಅವರು ಎರಡು ಪುಟ್ಟ ಫಿಯೆಟ್ ಕಾರುಗಳ ಮುಂಭಾಗಗಳನ್ನು ಕತ್ತರಿಸಿ ಒಂದಕ್ಕೊಂದು ಬೆಸೆದರು. ಅದಕ್ಕೆ 500 ಸಿ.ಸಿ.ಯ ಮೋಟಾರು ಸೈಕಲ್ ಯಂತ್ರವನ್ನು ಕೂರಿಸಿದರು. ಮೋಟಾರು ಸೈಕಲ್ಲಿನ ಸರಪಳಿ ಹಿಂಚಕ್ರವನ್ನಷ್ಟೇ ಎಳೆಯುತ್ತದೆ. ಆದ್ದರಿಂದ ಯಂತ್ರವೂ ಹಿಂಚಕ್ರಗಳ ಸಮೀಪವೇ ಕುಳಿತಿತು. ಇದು ಮಹಾಸಿದ್ಧಾಂತದಿಂದ ಹೊರಟ ಏರ್ಪಾಡಲ್ಲ, ಸರಪಳಿಯ ಅನುಕೂಲದಿಂದ ಬಂದದ್ದು.

1930ರ ದಶಕದಲ್ಲಿ ಜರ್ಮನಿಯ ಆಟೋ ಯೂನಿಯನ್ ಕಾರುಗಳಲ್ಲೂ ಯಂತ್ರ ಹಿಂದೆಯೇ ಇತ್ತು. ಆದರೆ ಅವು ಭಾರಿ ಕಾರ್ಖಾನೆಯ ಭಾರಿ ವೆಚ್ಚದ ಕಾರುಗಳು. ಕೂಪರ್ ಅಲ್ಪವೆಚ್ಚದ ಕಾರು.

ಇದರ ಗುಣವೇನು? ಅಡ್ಡೆಯ ಎರಡು ತುದಿಗೂ ತುಂಬಿದ ಕೊಡಗಳನ್ನು ತೂಗಹಾಕಿ ಗಕ್ಕನೆ ತಿರುಗಿ ನೋಡಿ. ಅಡ್ಡೆ ಸುಲಭವಾಗಿ ತಿರುಗದು. ಅದೇ ಭಾರವನ್ನು ನಡುವಿಗೆ ತಂದರೆ ಥಟ್ಟನೆ ತಿರುಗುತ್ತದೆ. ಸಾರಥಿಯ ಬೆನ್ನ ಹಿಂದೆಯೇ ಯಂತ್ರವಿದ್ದುದರಿಂದ ಕೂಪರಿನ ಭಾರ ನಡುವೆ ಕೂಡಿತು. ಮುಂದಿನಿಂದ ಹಿಂದಕ್ಕೆ ಹಾಯುವ ಉದ್ದನೆಯ ದಂಡವೂ ಬೇಡವಾಯಿತು. ಸಾರಥಿ ತಗ್ಗಿನಲ್ಲಿ ಕೂರಬಹುದಾಯಿತು. ಗಾಳಿಯ ತಡೆ ತಗ್ಗಿತು.

ಮುಂದೆ ಇದಕ್ಕೆ ರೂಪಾಂತರಗಳು ಹಲವು ಬಂದವು. ಒಡಲು ತುಸು ನೀಳವಾಗಿ 1000, 1100 ಸಿ.ಸಿ.ಯ ಜೋಡಿ ಸಿಲಿಂಡರಿನ ಯಂತ್ರಗಳು ಸೇರಿದವು. ಬಳಿಕ ಬೆಂಕಿ ಆರಿಸುವ ಪಂಪುಗಳಿಗೆ ಯಂತ್ರ ಮಾಡುತ್ತಿದ್ದ ಕೋವೆಂಟ್ರಿ ಕ್ಲೈಮ್ಯಾಕ್ಸ್ ಕಂಪನಿಯ ನಾಲ್ಕು ಸಿಲಿಂಡರಿನ ಯಂತ್ರಗಳು ಬಂದವು.

ನಿಜವಾದ ಪರೀಕ್ಷೆ ನಡೆದದ್ದು 1958ರ ಜನವರಿ 19ರಂದು, ಅರ್ಜೆಂಟೀನಾದ ಬ್ಯೂನಸ್ ಐರಿಸ್ಸಿನಲ್ಲಿ. ಸ್ಟರ್ಲಿಂಗ್ ಮಾಸ್‌ನ ಕೂಪರಿನ ಯಂತ್ರ ಎರಡು ಲೀಟರಿಗೂ ಕಡಿಮೆ. ಎದುರಾಳಿ ಫೆರಾರಿ, ಮಾಸೆರಾಟಿ ಕಾರುಗಳದು ಅದಕ್ಕಿಂತ ದೊಡ್ಡದು. ಕೂಪರಿನ ಚಕ್ರಗಳನ್ನು ಹಲವು ನಟ್ಟುಗಳಿಂದ ಬಿಗಿದಿದ್ದುದರಿಂದ ನಡುವೆ ಟೈರು ಬದಲಿಸಲು ನಿಂತರೆ ಪಂದ್ಯ ಸೋತಂತೆಯೇ. ಆತನ ಕಡೆಯವರು ಹೊಸ ಚಕ್ರಗಳನ್ನು ಸಿದ್ಧಪಡಿಸುವಂತೆ ನಟಿಸಿದರು. ಮಾಸ್ ಮಾತ್ರ ನಿಲ್ಲಲೇ ಇಲ್ಲ! ಎದುರಾಳಿಗಳು ಮೋಸಹೋದರು. ಟೈರಿನ ಒಳನೂಲು ಕಾಣುವಷ್ಟು ರಬ್ಬರು ಸವೆದರೂ ಪ್ರಾಣವನ್ನೇ ಪಣವಿಟ್ಟು ಓಡಿಸಿ, 2.7 ಸೆಕೆಂಡುಗಳ ಅಂತರದಿಂದ ಗೆದ್ದ. ಹಿಂದೆ ಯಂತ್ರವುಳ್ಳ ಕಾರಿಗೆ ವಿಶ್ವಚಾಂಪಿಯನ್ ಪಂದ್ಯಮಾಲೆಯಲ್ಲಿ ಅದೇ ಮೊದಲ ಜಯ.

1959 ಮತ್ತು 1960ರಲ್ಲಿ ಜ್ಯಾಕ್ ಬ್ರಾಭಮ್ ಕೂಪರ್ ಕಾರಿನಲ್ಲಿಯೇ ವಿಶ್ವಚಾಂಪಿಯನ್ ಆದ. 1961ರ ವೇಳೆಗೆ ಫೆರಾರಿಯೂ ಯಂತ್ರವನ್ನು ಹಿಂದಕ್ಕೆ ಸರಿಸಿತು. ಸಾಮಾನ್ಯರ ವಾಹನದ ಯಂತ್ರದಿಂದ ಓಟದ ಕಾರು ಕಟ್ಟುವ ಜಾಣ್ಮೆ ನಮ್ಮ ದೇಶದಲ್ಲೂ ಕಾಣಿಸಿತು: 1980ರ ದಶಕದಲ್ಲಿ ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ ಕಾರಿನ ಯಂತ್ರವನ್ನೇ ಬಳಸಿ ಫಾರ್ಮುಲಾ ಮಾರುತಿ ಕಾರನ್ನು ರೂಪಿಸಿದರು.

ಅಭಾವವೂ ಒಮ್ಮೊಮ್ಮೆ ಗುರುವಾಗುತ್ತದೆ. ಮನೆಯ ಹುಡುಗ ಹಳೆಯ ಸೈಕಲ್ಲಿನ ಸರಪಳಿಯನ್ನು ಹರಡಿಕೊಂಡು ಕುಳಿತಾಗ ಗದರುವ ಮೊದಲು, ಅದನ್ನು ಯಾವುದಕ್ಕೆ, ಏಕೆ ಜೋಡಿಸುತ್ತಿದ್ದಾನೆಂದು ತಾವು ಒಮ್ಮೆ ಕೇಳಿ ನೋಡಬೇಕು.